ನಕ್ಷತ್ರದ ತೌಡು

ಪತ್ರಿಕೆ ಓದಿ ಕೆಟ್ಟವರು ಬಹಳ ಜನ ಇದ್ದಾರೆ. ನಾಲ್ಕೇ ಸಾಲು ಓದಿ ಕೆಟ್ಟವರು ಚಿಕ್ಕೇರೂರು ಹೈಸ್ಕೂಲಿನ ವಿಜ್ಞಾನ ಮಾಸ್ತರ ಮೈಲಾರಪ್ಪ ಒಬ್ಬರೇ. ಎಳೆಯ ನಕ್ಷತ್ರದ ಸುತ್ತ ಅನಿಲ ಮತ್ತು ಧೂಳಿನ ತಟ್ಟೆಯೊಂದು ತಿರುಗುತ್ತಿರುತ್ತದೆ, ಆ ಧೂಳೇ ಕಾಲಾಂತರದಲ್ಲಿ ಗಟ್ಟಿಯಾಗಿ ಗ್ರಹವಾಗುತ್ತದೆ ಎಂದು ೧೯೮೪ರ ಒಂದು ಭಾನುವಾರದ ಪುರವಣಿಯ ಮೂಲೆಯಲ್ಲಿ ಅಚ್ಚಾಗಿತ್ತು. ಅದನ್ನು ಓದಿದ ಮೇಲೆ ಮಾಸ್ತರು ಜನರ ಮುಖ ನೋಡಿ ಮಾತಾಡುವುದನ್ನೇ ಬಿಟ್ಟರು.

ಆಕಾಶದ ಮೇಲಿನ ಈ ಪ್ರೀತಿಗೆ ನೆಲದ ಮೇಲೊಂದು ಕಾರಣವಿತ್ತು. ಹೆಂಡತಿ ಸರೋಜವ್ವ ಹಾನಗಲ್ಲಿನ ದವಾಖಾನೆಯಲ್ಲಿ ನರ್ಸು. ಮದುವೆಯಾಗಿ ಆರು ವರ್ಷವಾದರೂ ಸಂಸಾರ ಶನಿವಾರದ ಬಸ್ಸಿನಿಂದ ಸೋಮವಾರದ ಬಸ್ಸಿನವರೆಗೆ ಮಾತ್ರ. ಹಾನಗಲ್ಲಿನಲ್ಲಿ ವಿಜ್ಞಾನ ಮಾಸ್ತರರ ಜಾಗ ಖಾಲಿಯಿತ್ತು. ಅಲ್ಲಿ ನಡೆಯುವ ನಾಲ್ಕು ತಾಲೂಕಿನ ವಿಜ್ಞಾನ ಪ್ರದರ್ಶನದಲ್ಲಿ ತಮಗೆ ಮೆಚ್ಚುಗೆಯಾದ ಮಾಸ್ತರನನ್ನೇ ಆ ಜಾಗಕ್ಕೆ ಹಾಕುವುದಾಗಿ ಶಿಕ್ಷಣಾಧಿಕಾರಿ ಸಾಹೇಬರು ಬಾಯಿಬಿಟ್ಟು ಹೇಳಿದ್ದರು.

ಮೈಲಾರಪ್ಪ ಮುರುಕು ಸೈಕಲ್ಲನ್ನು ಅಡ್ಡ ಮಲಗಿಸಿ, ಹಿಂದಿನ ಗಾಲಿಗೆ ಹಿಟ್ಟು ನಾದುವ ಅಗಲ ಪರಾತ ಕಟ್ಟಿ, ನಡುವೆ ಬಲ್ಬು ನಿಲ್ಲಿಸಿ, ಪಕ್ಕಕ್ಕೆ ಟೇಬಲ್ ಫ್ಯಾನು ಇಟ್ಟರು. ಬಲ್ಬು ನಕ್ಷತ್ರ, ಗಾಳಿಯೇ ಅನಿಲ, ಸೀಮೆಸುಣ್ಣದ ಪುಡಿ ಧೂಳು, ಸಣ್ಣ ಕಲ್ಲಿನ ಹಳ್ಳು ಮುಂದೆ ಗ್ರಹವಾಗುವ ಸರಕು. ಪರಾತ ತಿರುಗಿದಾಗ ಪುಡಿ ಗಾಳಿಯ ಹಿಂದೆ ಹೋಗಬೇಕು, ಹಳ್ಳು ಉಳಿದು ಗುಂಪುಗೂಡಬೇಕು. ಪೆಡಲ್ ತಿರುವಲು ಡ್ರಿಲ್ ಮಾಸ್ತರ ಹುಚ್ಚಪ್ಪ ಸಿಕ್ಕ. ಆತನಿಗೆ ನಕ್ಷತ್ರವೂ ಒಂದೇ, ನೆಲಗಡಲೆಯೂ ಒಂದೇ. ಆದರೂ ಹತ್ತು ವಾಕ್ಯ ಬಾಯಿಪಾಠ ಮಾಡಿಸಿ, “ಸಾಹೇಬ್ರ ಮುಂದ ನಾ ಸುಮ್ಮನಾದ್ರ ನೀ ಶುರು ಮಾಡು” ಎಂದು ಹೇಳಿಟ್ಟಿದ್ದರು.

ಪ್ರದರ್ಶನದ ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಹಾಜರಾಬಿ ಎಂಬ ಮುದುಕಿ ಪುಡಿಯ ಚೀಲ ಮುಟ್ಟಿ ನೋಡಿದಳು.

“ಹಿಟ್ಟೇನ್ರಿ ಮಾಸ್ತರ?”

“ಅಲ್ಲಬೇ, ನಕ್ಷತ್ರದ ಸುತ್ತ ಇರೋ ಧೂಳು.”

“ಧೂಳು ಹೊತಗೊಂಡು ಹಾನಗಲ್ಲಿಗೆ ಹೊಂಟೀರಿ? ಅಲ್ಲೇನು ಧೂಳಿಗೆ ಬರ ಬಂದೈತೇನು?”

ಬಸ್ಸೆಲ್ಲ ನಕ್ಕಿತು. ಮಾಸ್ತರರಿಗೆ ರೋಷ ಉಕ್ಕಿ, ಈ ಅಜ್ಞಾನಿಗಳಿಗೆ ಬ್ರಹ್ಮಾಂಡ ತಿಳಿಸಿಯೇ ಬಿಡುತ್ತೇನೆಂದು ಚೀಲ ಎತ್ತಿ ಹಿಡಿದು ಎದ್ದು ನಿಂತರು. ಡ್ರೈವರ ಬ್ರೇಕು ಒತ್ತಿದ. ಚೀಲ ಕಿಟಕಿಯಿಂದ ಆಚೆ ಹೋಯಿತು, ಹಳ್ಳು ಸಮೇತ.

ಹಾನಗಲ್ಲಿನಲ್ಲಿ ಪ್ರದರ್ಶನದ ಜಾಗ ಮುಟ್ಟಿದಾಗ ಹುಚ್ಚಪ್ಪನೇ ದಾರಿ ತೋರಿದ. “ಸರ್, ಎದುರಿಗೆ ಅಕ್ಕಿ ಗಿರಣಿ ಐತಿ. ತೌಡು ಬೆರತ ನುಚ್ಚು ತರ್ತೇನಿ. ತೌಡು ಧೂಳಾತು, ನುಚ್ಚು ಹಳ್ಳಾತು.” ಗಿರಣಿ ಸಾಹುಕಾರ ಕರಬಸಪ್ಪ ನುಚ್ಚನ್ನು ಪುಕ್ಕಟೆ ಕೊಟ್ಟರು. ಆದರೆ ಪುಕ್ಕಟೆ ಕೊಟ್ಟಿದ್ದು ಎಲ್ಲಿಗೆ ಹೋಗುತ್ತದೆಂದು ನೋಡದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ, ಹಿಂದೆಯೇ ಬಂದರು. ಮೇಲಾಗಿ ಪ್ರದರ್ಶನದ ಅಧ್ಯಕ್ಷರೂ ಅವರೇ.

ಹುಚ್ಚಪ್ಪ ಪೆಡಲ್ ತಿರುವಿದ. ಫ್ಯಾನು ಗರ್ ಎಂದಿತು. ತೌಡು ಹಾರಿ ಪಕ್ಕದಲ್ಲಿ ಸವಣೂರು ಶಾಲೆಯವರು ಮಾಡಿಟ್ಟಿದ್ದ ಜ್ವಾಲಾಮುಖಿಯ ಮೇಲೆ ಕುಳಿತಿತು. ಪರಾತದಲ್ಲಿ ನುಚ್ಚು ಮಾತ್ರ ಬೆಳ್ಳಗೆ ಉಳಿಯಿತು.

ಕರಬಸಪ್ಪನವರ ಕಣ್ಣು ಅರಳಿದವು. “ಏ ಮಾಸ್ತರ! ನನ್ನ ಗಿರಣ್ಯಾಗ ನಾಕು ಹೆಣ್ಣಾಳು ದಿನಾ ಕೇರೂದನ್ನ ಇದು ಒಂದ ಗಳಿಗ್ಯಾಗ ಮಾಡ್ತಲ್ಲಪಾ!”

“ಸಾಹುಕಾರ್ರ, ಇದು ಗ್ರಹ ಹುಟ್ಟೂದು…”

“ಗ್ರಹ ಹಾಳಾಗ್ಲಿ, ನುಚ್ಚು ನೋಡು ಎಷ್ಟ ಸ್ವಚ್ಛ ಐತಿ!”

ಅಷ್ಟರಲ್ಲಿ ಸಾಹೇಬರು ಬಂದರು. ಕರಬಸಪ್ಪ ಅವರ ಕೈ ಹಿಡಿದೇ ಎಳೆತಂದರು. “ಸಾಹೇಬ್ರ, ಇದು ತೌಡು ತೂರೋ ಯಂತ್ರ. ಇಷ್ಟರಾಗ ಕೆಲಸಕ್ಕ ಬರೂದು ಇದೊಂದ.”

“ಹೌದೇನ್ರಿ ಮಾಸ್ತರ?” ಎಂದರು ಸಾಹೇಬರು.

ಹೌದೆಂದರೆ ಅಧ್ಯಕ್ಷರ ಬೆಂಬಲ, ಬಹುಮಾನ, ಹಾನಗಲ್ಲಿನ ಜಾಗ. ಅಲ್ಲವೆಂದರೆ ಬರೀ ನಕ್ಷತ್ರ. ಗುಂಪಿನಲ್ಲಿ ಸರೋಜವ್ವನೂ ನಿಂತಿದ್ದಳು. ಮೂರು ತಿಂಗಳು ಆಕಾಶವನ್ನು ತಲೆಯ ಮೇಲೆ ಹೊತ್ತಿದ್ದ ಮಹಾನುಭಾವರು ಒಂದು ಉಸಿರಿನಲ್ಲಿ ಇಳಿಸಿಬಿಟ್ಟರು.

“ಹೌದ್ರಿ ಸಾಹೇಬ್ರ. ತೌಡು ತೂರೂದ.”

“ಮತ್ತ ಬೋರ್ಡಿನ ಮ್ಯಾಲ ನಕ್ಷತ್ರ ಅಂತ ಬರದೀರಿ?”

“ಅದು… ಮಷಿನ್ನಿನ ಹೆಸರ್ರಿ,” ಎಂದು ಸುಮ್ಮನಾದರು.

ಫ್ಯಾನಿನ ಸದ್ದಿನಲ್ಲಿ ಹುಚ್ಚಪ್ಪನಿಗೆ ಒಂದು ಮಾತೂ ಕೇಳಿರಲಿಲ್ಲ. ಮಾಸ್ತರು ಸುಮ್ಮನಾದದ್ದು ಮಾತ್ರ ಕಂಡಿತು. ಎದ್ದು ಸಾವಧಾನ್ ನಿಂತು, ಕವಾಯತಿನ ಗಂಟಲಿನಲ್ಲಿ ಎಳೆಯ ನಕ್ಷತ್ರ, ಅನಿಲ, ಧೂಳು, ಗ್ರಹಗಳ ಜನನ, ಹತ್ತೂ ವಾಕ್ಯ ಒಂದೂ ತಪ್ಪದೆ ಒದರಿದ. ಸಾಹೇಬರು ಕಣ್ಣುಮುಚ್ಚಿ ಕೇಳಿದರು. ಅವರಿಗೆ ಏನೂ ತಿಳಿಯಲಿಲ್ಲ, ಆದ್ದರಿಂದ ಬಹಳ ಗೌರವ ಹುಟ್ಟಿತು.

ಸಂಜೆ ಸಭೆಯಲ್ಲಿ ಮೈಲಾರಪ್ಪನವರಿಗೇ ಮೊದಲ ಬಹುಮಾನ ಬಂತು. ಸಾಹೇಬರು ಭಾಷಣಕ್ಕೆ ನಿಂತರು. “ಇಂಥಾ ಮಾಸ್ತರ ರೈತರ ನಡುವ ಇರಬೇಕು. ಇವ್ರನ್ನ ಇನ್ನ ಐದು ವರ್ಷ ಚಿಕ್ಕೇರೂರಿನಿಂದ ಅಲುಗಾಡಸೂದಿಲ್ಲ. ನಾಳೆಯಿಂದ ಪ್ರತಿ ಐತವಾರ ಅಲ್ಲಿ ರೈತರಿಗೆ ಈ ಯಂತ್ರ ಕಲಿಸ್ತಾರ.” ಚಪ್ಪಾಳೆ. “ಹಾನಗಲ್ಲ ಪ್ಯಾಟಿ ಊರು. ಇಲ್ಲಿಗೆ ದೊಡ್ಡ ವಿಜ್ಞಾನ ಬಲ್ಲವ್ರು ಬೇಕು. ಆ ಖಾಲಿ ಜಾಗಕ್ಕ ಹುಚ್ಚಪ್ಪ ಮಾಸ್ತರ್ರನ್ನ ಹಾಕೇನಿ.”

“ಸಾಹೇಬ್ರ! ಅಂವ ಡ್ರಿಲ್ ಮಾಸ್ತರ್ರೀ! ಆ ನಕ್ಷತ್ರ ನಂದ್ರೀ!” ಎಂದು ಮೈಲಾರಪ್ಪ ಕೂಗಿದರು.

“ಮಾಸ್ತರ, ನೀವ ತೌಡು ಅಂದೀರಿ. ಇನ್ನೊಬ್ಬರ ವಿದ್ಯಾಕ್ಕ ಹೊಟ್ಟಿಕಿಚ್ಚು ಪಡಬಾರದ್ರಿ.”

ಮರುದಿನ ಭಾನುವಾರದ ಪಾಠಕ್ಕಾಗಿ ಅಂದೇ ಚಿಕ್ಕೇರೂರಿನ ಬಸ್ಸು ಹತ್ತಬೇಕಾಯಿತು. ಕೆಳಗೆ ಸರೋಜವ್ವನ ಪಕ್ಕದಲ್ಲಿ ಹುಚ್ಚಪ್ಪ ವಿನಯದಿಂದ ನಿಂತಿದ್ದ.

“ಸರ್, ನಿಮ್ಮ ಮನಿ ಬಾಜೂಕ ಒಂದು ಖೋಲಿ ಖಾಲಿ ಐತಂತ. ಅಕ್ಕಾರಿಗೆ ಹೇಳಿ ಕೊಡಸ್ರಿ.”

ಮೈಲಾರಪ್ಪ ಬಾಯಿ ತೆರೆಯುವ ಮೊದಲೇ ಸರೋಜವ್ವ ಹೇಳಿದಳು: “ಕೊಡಸ್ತೇನಿ ಬರ್ರಿ. ನೀವಾದ್ರೂ ಆಡಿದ ಮಾತಿಗೆ ಗಟ್ಟಿ ನಿಂತ್ರಿ.”

ಮೈಲಾರಪ್ಪ ಕಿಟಕಿ ಮುಚ್ಚಲು ಕೈ ಹಾಕಿದರು. ಆ ಬಸ್ಸಿನ ಕಿಟಕಿಗೆ ಗಾಜು ಇರಲಿಲ್ಲ.