ಹಲಗೆಯಲ್ಲಿ ಸಿಕ್ಕ ಕಾಲು

"ಎಳೀಬೇಡಿ ಅಜ್ಜಿ! ಎಳೀಬೇಡಿ!"

ಆರ್ಕಿಟೆಕ್ಟ್ ಮಹಡಿಯ ನೆಲಕ್ಕೆ ಬಾಯಿ ಹಚ್ಚಿ ಕೂಗಿದ. ಅವನ ಬಲಗಾಲು ತೊಡೆಯವರೆಗೆ ಹಲಗೆಯ ಕೆಳಗಿತ್ತು, ಮಿಕ್ಕ ಮೈ ಮೇಲಿತ್ತು. ಕೆಳಗಿನ ಅಡುಗೆಮನೆಯಲ್ಲಿ ಮನೆಯೊಡತಿ ಅಜ್ಜಿ ಆ ಕಾಲನ್ನು ಬಳ್ಳಿಯಿಂದ ಸೋರೆಕಾಯಿ ಕೀಳುವವಳಂತೆ ಜಗ್ಗುತ್ತಿದ್ದಳು.

"ಬಂದ್ಬಿಡು ಮಗಾ, ಒಂದೇ ಸಲಕ್ಕೆ!"

"ಗೆದ್ದಲು ತಿಂದ ಹಲಗೆ, ಜೋಪಾನ" ಎಂದು ಸಹೋದ್ಯೋಗಿಗೆ ಬೆರಳು ತೋರಿಸುತ್ತ ಅವನು ತಾನೇ ಅದರ ಮೇಲೆ ಕಾಲಿಟ್ಟಿದ್ದ. ಮುರಿದ ಅಂಚುಗಳು ತೊಡೆಯನ್ನು ಮೊಸಳೆಯ ಹಾಗೆ ಕಚ್ಚಿಕೊಂಡಿದ್ದವು.

ಬಡಗಿ ಗರಗಸ ಹಿಡಿದು ಕೂತ. "ಒಂದು ಗೇಣು ಕೊಯ್ದರೆ ಸಾಕು ಸಾರ್."

"ಕೊಯ್ಯೋ ಹಾಗಿಲ್ಲ."

"ಮೊಳೆ ಕೀಳ್ಲಾ?"

"ಮೊಳೇನೂ ಹಳೇದೇ!"

ಹಳೆಯ ಕಟ್ಟಡಗಳನ್ನು ಉಳಿಸುವುದೇ ಅವರ ಸಂಸ್ಥೆಯ ಕೆಲಸ. ಅಳತೆ ಟೇಪಿನ ತುದಿ ಹಿಡಿಯುವವನಾಗಿ ಸೇರಿ, ಕಿಟಕಿ ಬಾಗಿಲುಗಳ ಚಿತ್ರ ಬರೆದು, ಮುರಿದ ಮೆಟ್ಟಿಲುಗಳಿಗಾಗಿ ಕಂಟ್ರಾಕ್ಟರುಗಳ ಜೊತೆ ಜಗಳಾಡಿ ಅವನು ಮೇಲೆ ಬಂದಿದ್ದ. ಮುಖ್ಯಸ್ಥರು ಖುದ್ದಾಗಿ ನಿಂತು ಒಪ್ಪದೆ ಹಳೆಯ ಮರಕ್ಕೆ ಗರಗಸ ಮುಟ್ಟಿಸಬಾರದೆಂಬ ನಿಯಮವನ್ನೂ ಮೀಟಿಂಗಿನಲ್ಲಿ ಮೇಜು ಕುಟ್ಟಿ ತಂದವನು ಅವನೇ. ಮುಖ್ಯಸ್ಥೆ ಮೇಡಂ ಇವತ್ತು ನಿವೃತ್ತರಾಗುತ್ತಿದ್ದರು. ತಮ್ಮ ಕುರ್ಚಿ ಯಾರಿಗೆಂದು ಇಲ್ಲೇ ಬಂದು ಹೇಳುವವರಿದ್ದರು.

ಕುರ್ಚಿಗೆ ಇನ್ನೊಬ್ಬ ಆಕಾಂಕ್ಷಿ ಪಕ್ಕದಲ್ಲೇ ನಿಂತಿದ್ದ. ಎಂಥ ಪಾಳು ಗೋಡೆ ಕಂಡರೂ ಅದಕ್ಕೊಂದು ಗಾಜಿನ ಬಾಗಿಲು ಇಡುವ ಅವನನ್ನು ಆಫೀಸಿನಲ್ಲಿ ಗಾಜಪ್ಪ ಎನ್ನುತ್ತಿದ್ದರು.

"ಕೊಯ್ಸು ಗುರುವೇ," ಗಾಜಪ್ಪ ಜೇನಿನಂತೆ ಹೇಳಿದ. "ಕಾಲು ಮುಖ್ಯ. ಮೇಡಂಗೆ ನಾನೇ ಹೇಳ್ತೀನಿ."

ಆ ಹೇಳುವುದೇ ಬೇಡವಾಗಿತ್ತು. "ನಾನು ಆರಾಮಾಗಿದೀನಿ," ಎಂದ ಆರ್ಕಿಟೆಕ್ಟ್.

ಅಷ್ಟರಲ್ಲಿ ಕಾಲಿಗೆ ಏನೋ ತಣ್ಣಗೆ ತಾಗಿತು.

"ಎಣ್ಣೆ ಹಚ್ತಿದೀನಿ, ಜಾರಿ ಬರತ್ತೆ," ಎಂದಳು ಅಜ್ಜಿ ಕೆಳಗಿನಿಂದ.

"ಅಯ್ಯೋ, ಮರಕ್ಕೆ ಕಲೆ ಆಗತ್ತೆ ಅಜ್ಜಿ!"

"ಹಾಗಾದ್ರೆ ಅಂಗಾಲು ಕೆರೀತೀನಿ. ನಗು ಬಂದ್ರೆ ಮೈ ಸಡಿಲ ಆಗತ್ತೆ."

ಮೇಡಂ ಮೆಟ್ಟಿಲು ಹತ್ತಿ ಬಂದಾಗ ತಮ್ಮ ಹಿರಿಯ ಆರ್ಕಿಟೆಕ್ಟ್ ನೆಲದಲ್ಲಿ ಅರ್ಧ ಹೂತು, ಕಣ್ಣೀರು ಸುರಿಸಿಕೊಂಡು ನಗುತ್ತಿದ್ದ.

"ನಾನೆಷ್ಟು ಹೇಳಿದ್ರೂ ಕೇಳ್ತಿಲ್ಲ ಮೇಡಂ," ಗಾಜಪ್ಪ ಮುಂದೆ ಬಂದ. "ಹಲಗೆ ಕೊಯ್ಯೋಕೆ ಬಿಡ್ತಿಲ್ಲ."

ದೂರಲು ಹೋಗಿ ಹೊಗಳಿಬಿಟ್ಟೆನೆಂದು ಗಾಜಪ್ಪನಿಗೆ ತಕ್ಷಣವೇ ಹೊಳೆಯಿತು. ಮೇಡಂ ಕಣ್ಣು ತುಂಬಿ ಬಂದಿತ್ತು. ಅವರು ಬಗ್ಗಿ ಆರ್ಕಿಟೆಕ್ಟ್‌ನ ಕೈ ಕುಲುಕಿದರು. "ಇನ್ನು ನೋಡೋದೇನಿದೆ? ಈ ಗಳಿಗೆಯಿಂದ ಸಂಸ್ಥೆ ನಿಮ್ಮದು. ನಂದು ಮುಗೀತು."

ಬಡಗಿ ಚಪ್ಪಾಳೆ ತಟ್ಟಿದ. ಆರ್ಕಿಟೆಕ್ಟ್ ಕೂತಲ್ಲೇ ಕೈಮುಗಿದ. "ತುಂಬಾ ಉಪಕಾರ ಮೇಡಂ. ಈಗ ಸ್ವಲ್ಪ ಇದನ್ನ ಕೊಯ್ಯೋಕೆ ಹೇಳ್ತೀರಾ?"

"ನಾನ್ಯಾರು ಹೇಳೋಕೆ? ಮುಖ್ಯಸ್ಥರು ನೀವು."

ಎಲ್ಲರೂ ಅವನ ಮುಖ ನೋಡಿದರು. ಗಾಜಪ್ಪ ಮೆಲ್ಲನೆ ಫೋನ್ ತೆಗೆದು ಕ್ಯಾಮೆರಾ ಅವನತ್ತ ಹಿಡಿದ. "ಹೇಳಿ ಸಾರ್. ಹೊಸ ಮುಖ್ಯಸ್ಥರ ಮೊದಲ ಅಪ್ಪಣೆ."

ಬಡಗಿ ಗರಗಸ ಎತ್ತಿದ. ಕೆಳಗೆ ಅಜ್ಜಿ ಇನ್ನೊಂದು ಸಲ ಜಗ್ಗಿದಳು.

"ಮೇಡಂ," ಅವನು ಹಲ್ಲು ಕಚ್ಚಿ ಪಿಸುಗುಟ್ಟಿದ, "ಕುರ್ಚಿ ವಾಪಸ್ ತಗೊಳಿ. ಒಂದು ಐದು ನಿಮಿಷ. ಕೊಯ್ಸಿ ಮತ್ತೆ ಕೊಡಿ."

ಮೇಡಂ ಎರಡು ಹೆಜ್ಜೆ ಹಿಂದೆ ಸರಿದು ಬ್ಯಾಗನ್ನು ಹೆಗಲಿಗೇರಿಸಿಕೊಂಡರು.

"ಬೇಡ," ಎಂದರು.