ಕೆಂಪು ದಾರದ ಪಡವಲಕಾಯಿ

ನಮ್ಮ ದೊಡ್ಡಪ್ಪನ ಹಿತ್ತಲಿನ ಒಳ್ಳೆಯ ತರಕಾರಿಯನ್ನು ತಿಂದವರು ಈ ಭೂಮಿಯ ಮೇಲೆ ಒಬ್ಬರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಅವರು ಒಳ್ಳೆಯದನ್ನು ಬೆಳೆಯುತ್ತಿರಲಿಲ್ಲ ಎಂದುಕೊಳ್ಳಬೇಡಿ, ಸೊಗಸಾಗಿ ಬೆಳೆಯುತ್ತಿದ್ದರು! ಆದರೆ ದಪ್ಪನೆಯ ಬದನೆ ಬೀಜಕ್ಕೆ, ನೀಳವಾದ ಬೆಂಡೆ ಬೀಜಕ್ಕೆ. ಸೊಟ್ಟದ್ದು, ಹುಳುಕಿನದು, ಇಲಿ ಕಚ್ಚಿ ಬೇಡವೆಂದು ಬಿಟ್ಟದ್ದು ನಮಗೆ. ಬೀಜಕ್ಕೆ ಬಿಟ್ಟ ಕಾಯಿಗೆ ಅವರೊಂದು ಕೆಂಪು ದಾರ ಕಟ್ಟುತ್ತಿದ್ದರು. ಆಮೇಲೆ ಅದನ್ನು ಮುಟ್ಟುವುದಿರಲಿ, ಆಸೆಯಿಂದ ನೋಡಿದರೂ ಬೈಗುಳ.

ರಾಜಾಜಿನಗರ ಆಗಿನ್ನೂ ಹೊಸ ಬಡಾವಣೆ. ಮನೆಗಳಿಗಿಂತ ಖಾಲಿ ಸೈಟುಗಳು ಹೆಚ್ಚು, ಸೈಟುಗಳಿಗಿಂತ ಕಾಮಾಕ್ಷಿಪಾಳ್ಯದ ಕಡೆಯಿಂದ ಮೇಯಲು ಬರುವ ದನಗಳು ಹೆಚ್ಚು. ನಾನು ದೊಡ್ಡಪ್ಪನ ತಮ್ಮನ ಮಗಳು. ಶಾಲೆ ಹತ್ತಿರವೆಂದು ನನ್ನನ್ನು ಅವರ ಮನೆಯಲ್ಲಿ ಬಿಟ್ಟಿದ್ದರು. ದೊಡ್ಡಪ್ಪ, ದೊಡ್ಡಮ್ಮ, ನಾನು ಮತ್ತು ಪಡವಲದ ಚಪ್ಪರ, ಇಷ್ಟೇ ಸಂಸಾರ.

ಚಪ್ಪರವನ್ನೂ ಸೇರಿಸಿದೆನೆಂದು ನಗಬೇಡಿ. ಆ ಪಡವಲದ ಬೀಜ ನಮ್ಮಜ್ಜಿಯದು. ಅವರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾತ್ರೆ ಪಡಗ ಹಂಚಿಕೊಂಡರೆ, ದೊಡ್ಡಪ್ಪ ಒಂದು ಹಿಡಿ ಬೀಜ ಎತ್ತಿಕೊಂಡು ಬಂದಿದ್ದರು. ವರ್ಷವರ್ಷವೂ ಬಿತ್ತಿ, ಬೀಜ ತೆಗೆದು, ಮತ್ತೆ ಬಿತ್ತುತ್ತಿದ್ದರು. ಕಾಯಿ ನೆಟ್ಟಗೆ ಇಳಿಯಲಿ ಎಂದು ಪ್ರತಿಯೊಂದರ ತುದಿಗೂ ಕಲ್ಲು ಕಟ್ಟುತ್ತಿದ್ದರು. ಒಮ್ಮೆ ಅವರ ಆಫೀಸಿನ ಸ್ನೇಹಿತರೊಬ್ಬರು ಹಿತ್ತಲಿಗೆ ಬಂದು, ಅಂಥ ಕಲ್ಲಿಗೆ ಹಣೆ ಬಡಿಸಿಕೊಂಡು ಅಲ್ಲೇ ಕುಸಿದು ಕೂತರು. ದೊಡ್ಡಪ್ಪ ಓಡಿ ಬಂದರು. ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, "ಸದ್ಯ, ಏನೂ ಆಗಿಲ್ಲ!" ಎಂದು ನಿಟ್ಟುಸಿರುಬಿಟ್ಟರು. ಅವರು ಹಿಡಿದು ನೋಡಿದ್ದು ಕಾಯಿಯನ್ನು.

ಹುಳ ಬೀಳಬಾರದೆಂದು ಬೀಜಗಳನ್ನು ಸಗಣಿಯಲ್ಲಿ ಒತ್ತಿ, ಬಿಲ್ಲೆ ತಟ್ಟಿ, ಗೋಡೆಗೆ ಅಂಟಿಸುವುದು ಅವರ ಪದ್ಧತಿ. ಅದೇ ಗೋಡೆಯ ಮೇಲೆ ದೊಡ್ಡಮ್ಮನ ಬೆರಣಿಗಳು. ಇನ್ನೇನಾಗಬೇಕು ಹೇಳಿ? ಒಂದು ಯುಗಾದಿಯ ಬೆಳಿಗ್ಗೆ ಮೈಗೆಲ್ಲ ಎಣ್ಣೆ ಬಳಿದುಕೊಂಡು ಬಿಸಿನೀರಿಗೆ ಕಾಯುತ್ತಿದ್ದ ದೊಡ್ಡಪ್ಪ ಇದ್ದಕ್ಕಿದ್ದಂತೆ ಮೂಗರಳಿಸಿದರು.

"ಲೇ, ಬೀಜ ಸುಟ್ಟ ವಾಸನೆ!"

ಬಚ್ಚಲೊಲೆಗೆ ನೇರವಾಗಿ ಕೈ ಹಾಕಿದರು. ಹಬ್ಬದ ದಿನ ಗಂಡಹೆಂಡಿರ ಜಗಳ ಬೀದಿಗೆಲ್ಲ ಕೇಳಿಸಿತು.

"ನಿನ್ನ ಬೆರಣಿ ಯಾವುದು, ನನ್ನ ಬಿಲ್ಲೆ ಯಾವುದು ಅಂತ ಗೊತ್ತಾಗಲ್ವೇನೇ?"

"ಎರಡೂ ಸಗಣಿನೇ ಅಲ್ವೇನ್ರೀ!"

ಬೆಂಕಿಯಿಂದ ಬದುಕಿ ಬಂದದ್ದು ಒಂದೇ ಬೀಜ. ಮಳೆ ಬಿದ್ದೊಡನೆ ಅದನ್ನು ಊರಿದರು. ಮೊಳಕೆಯೊಡೆಯುವವರೆಗೆ ಅವರ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಬಳ್ಳಿ ಹಬ್ಬಿ, ಹೂಬಿಟ್ಟು, ಮೊದಲ ಕಾಯಿಗೇ ಕೆಂಪು ದಾರ ಬಿತ್ತು. ಆ ವಾರವೇ ಯಾರೋ ಹಿತ್ತಲ ಬಾಗಿಲು ತೆರೆದು ಹೋದರು, ಒಂದು ಹಸು ಒಳಗೆ ಬಂತು. ಒಂದೆಳೆ ಬಿಟ್ಟು ಬಳ್ಳಿಯನ್ನೆಲ್ಲ ಎಳೆದು ಮೇಯ್ದು ಹೋಯಿತು. ಚಪ್ಪರದ ಮೇಲೆ ಉಳಿದ ಆ ಎಳೆಯಲ್ಲಿ ದಾರ ಕಟ್ಟಿದ ಕಾಯಿ ಮಾತ್ರ ತೂಗುತ್ತಿತ್ತು. ಅದು ಬಲಿತು ಹಣ್ಣಾದರೆ ಅಜ್ಜಿಯ ಪಡವಲ ಉಳಿದಂತೆ, ಇಲ್ಲದಿದ್ದರೆ ಇಲ್ಲ. ದೊಡ್ಡಪ್ಪ ಆಫೀಸಿಗೆ ರಜೆ ಹಾಕಿ ಬಾಗಿಲಲ್ಲಿ ಕೋಲು ಹಿಡಿದು ಕೂತರು!

ಆಗಲೇ ನನಗೆ ಟೈಫಾಯ್ಡ್ ಬಂತು. ಜ್ವರ ಇಳಿದ ಮೇಲೆ ಡಾಕ್ಟರು, "ಮೆತ್ತಗಿನ ಅನ್ನ, ಪಡವಲಕಾಯಿ ಕೊಡಿ. ಹೊಟ್ಟೆಗೆ ಏನಾದ್ರೂ ಹೋಗ್ಲೇಬೇಕು" ಎಂದರು. ದೊಡ್ಡಮ್ಮ ಪೇಟೆಯ ಪಡವಲಕಾಯಿ ಬೇಯಿಸಿದರು. ನಾನು ಉಗಿದೆ. ಗಂಜಿ ಕೊಟ್ಟರು, ಅದನ್ನೂ ಉಗಿದೆ. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ದೊಡ್ಡಪ್ಪ ನನ್ನ ಪಕ್ಕದಲ್ಲಿ ಕೂತು, "ಏನು ತಿಂತೀಯ ಹೇಳು ಪುಟ್ಟಿ, ಎಲ್ಲಿದ್ರೂ ತರ್ತೀನಿ" ಎಂದರು.

"ಕೆಂಪು ದಾರದ ಕಾಯಿ" ಎಂದೆ.

"ಅಯ್ಯೋ, ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳೇ!" ಎಂದು ದೊಡ್ಡಮ್ಮ ನನ್ನ ಬಾಯಿ ಮುಚ್ಚಲು ಬಂದರು. ದೊಡ್ಡಪ್ಪ ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಕಾಯಿ ಇತ್ತು, ತುದಿಯ ಕಲ್ಲನ್ನೂ ಬಿಚ್ಚಿರಲಿಲ್ಲ. "ಎಳೇದು, ಬೇಗ ಬೇಯುತ್ತೆ" ಎಂದು ದೊಡ್ಡಮ್ಮನ ಕೈಗಿಟ್ಟರು.

"ರೀ, ಅತ್ತೆಯವರ ಬೀಜ..." ಎಂದು ದೊಡ್ಡಮ್ಮ ತಡವರಿಸಿದರು.

"ನೀನು ಒಲೆ ಹಚ್ಚು."

ನಾನು ಅನ್ನಕ್ಕೆ ಕಲಸಿದ ಆ ಪಲ್ಯವನ್ನು ತಟ್ಟೆ ಬಳಿದು ತಿಂದೆ. ರುಚಿ ಹೇಗಿತ್ತು ಅನ್ನುತ್ತೀರಾ? ಜ್ವರದ ಬಾಯಿ, ನಿಜ ಹೇಳಬೇಕೆಂದರೆ ಏನೂ ತಿಳಿಯಲಿಲ್ಲ. ಮುಂದಿನ ವರ್ಷದಿಂದ ನಮ್ಮ ಚಪ್ಪರಕ್ಕೆ ಅಂಗಡಿಯ ಬೀಜವೇ ಬಂತು. ದೊಡ್ಡಪ್ಪ ಆ ಮಾತು ಮತ್ತೆ ಎತ್ತಲಿಲ್ಲ.

ಆದರೆ ಅಂದು ನಾನು ಉಂಡು ಮಲಗಿದ ಮೇಲೆ ಅವರು ಜೇಬಿನಿಂದ ಏನೋ ತೆಗೆದು ನನ್ನ ಮುಂಗೈಗೆ ಸುತ್ತುತ್ತಿದ್ದರು. ಕಣ್ಣುಬಿಟ್ಟು ನೋಡಿದೆ. ಕಾಯಿಯಿಂದ ಬಿಚ್ಚಿದ ಕೆಂಪು ದಾರ. ಎರಡು ಗಂಟು ಹಾಕಿ, ಬಿಗಿಯಾಯಿತೇನೋ ಎಂದು ಬೆರಳಿನಿಂದ ಸಡಿಲಿಸಿ, ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮನ ಕಡೆ ತಿರುಗಿದರು.

"ಈ ಸಲ ಬೀಜಕ್ಕೆ ಇವಳನ್ನ ಬಿಟ್ಕೊಂಡಿದೀನಿ ಕಣೇ."