ಏಳನೇ ಮೇಜಿನ ಲಿಂಫ್ ನೋಡ್

ಒಂದು ಸಲ ನೋಡಿದ್ದರೆ ಸಾಕಿತ್ತು. ಎರಡನೇ ಸಲ ನೋಡಲು ಹೋದದ್ದೇ, ವೈದ್ಯಕೀಯ ಕಾಲೇಜಿನಲ್ಲಿ ಅಂಗಾಂಶಗಳ ಪಾಠ ಹೇಳುವ ‘ಸ್ಲೈಡು ಮೇಷ್ಟ್ರಿಗೆ’ ಮುಳುವಾಯಿತು.

ಪ್ರಾಯೋಗಿಕ ಪರೀಕ್ಷೆಗೆಂದು ಏಳನೇ ಮೇಜಿನ ಸೂಕ್ಷ್ಮದರ್ಶಕದಲ್ಲಿ ಲಿಂಫ್ ನೋಡ್, ಅಂದರೆ ದುಗ್ಧಗ್ರಂಥಿಯ ಸ್ಲೈಡು ಇಟ್ಟಿದ್ದರು. ಚೆನ್ನಾಗಿಯೇ ಕಾಣುತ್ತಿತ್ತು. ಇನ್ನಷ್ಟು ಚೆನ್ನಾಗಿ ಕಾಣಲಿ ಎಂದು ತಿರುಪು ತಿರುಗಿಸಿದರು. ಕೊಳವೆ ಇಳಿದು ಗಾಜಿಗೆ ಮುಟ್ಟಿತು. ಕಟ್!

ಆ ಕಾಲೇಜಿನಲ್ಲಿ ಲಿಂಫ್ ನೋಡಿನ ಒಳ್ಳೆಯ ಸ್ಲೈಡು ಇದ್ದದ್ದು ಅದೊಂದೇ. ಉಳಿದವು ಬಣ್ಣ ಹೋಗಿ, ಒಗೆದೊಗೆದು ಸವೆದ ಕರವಸ್ತ್ರದಂತಾಗಿದ್ದವು. ಮೇಷ್ಟ್ರ ಕೆಲಸ ಬೇರೆ ಇನ್ನೂ ಖಾಯಂ ಆಗಿರಲಿಲ್ಲ. ಹೊರಗಿನಿಂದ ಬರುವ ಪರೀಕ್ಷಕರು ಇವರ ಪಾಠದ ಬಗ್ಗೆ ಒಂದು ಒಳ್ಳೆಯ ಮಾತು ಆಡಿದರೆ ನೋಡೋಣ ಎಂದು ಪ್ರಿನ್ಸಿಪಾಲರು ಹೇಳಿದ್ದರು.

ಸದ್ದು ಕೇಳಿ ಪಕ್ಕದ ಕೋಣೆಯಿಂದ ಫಿಸಿಯಾಲಜಿ ಮೇಡಂ ಓಡಿಬಂದರು. ಯಾರ ಮನೆ ಹಾಲು ಉಕ್ಕಿದರೂ ಒಲೆ ಆರಿಸಲು ಹೋಗುವ ಜೀವ ಅದು.

"ಅಯ್ಯೋ, ಒಡೆದೇ ಹೋಯ್ತಾ? ಟಾನ್ಸಿಲ್ ಸ್ಲೈಡ್ ಇಟ್ಬಿಡಿ. ಎರಡೂ ಅಣ್ಣ ತಮ್ಮಂದಿರ ಹಾಗೇ ಇರ್ತವೆ."

"ಏಳನೇ ಮೇಜು ಅಂದ್ರೆ ಲಿಂಫ್ ನೋಡ್ ಅಂತ ಮಕ್ಕಳು ಬಾಯಿಪಾಠ ಮಾಡ್ಕೊಂಡಿದಾರೆ ಮೇಡಂ. ಬಗ್ಗಿ ನೋಡೋದೂ ಇಲ್ಲ. ಎಲ್ಲರೂ ತಪ್ಪು ಬರೀತಾರೆ."

"ಒಳ್ಳೇದು ಮಾಡೋರಿಗೆ ಒಳ್ಳೇದೇ ಆಗುತ್ತೆ ಬಿಡಿ," ಎಂದು ಮೇಡಂ ಅವಸರದಲ್ಲಿ ಹೊರಟರು.

ಟಾನ್ಸಿಲ್ ಇಟ್ಟದ್ದಾಯಿತು. ಆದರೆ ಮೇಷ್ಟ್ರ ಜೀವ ತಡೆಯಲಿಲ್ಲ. ಪಕ್ಕದ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಹೆಂಡತಿಯ ಅಣ್ಣ ಇದ್ದರು. ಅಲ್ಲಿಗೆ ಓಡಿದರು.

"ತಂಗಿ ಹೇಗಿದಾಳೆ?" ಎಂದರು ಭಾವ.

"ಚೆನ್ನಾಗಿದಾಳೆ. ಭಾವ, ಒಂದು ಲಿಂಫ್ ನೋಡ್ ಸ್ಲೈಡ್ ಬೇಕು!"

"ಎಂಥದ್ದಾದ್ರೂ ಸಾಕೋ, ಒಳ್ಳೇದೇ ಬೇಕೋ?" ಭಾವ ನಿಧಾನವಾಗಿ ಪೆಟ್ಟಿಗೆ ತೆರೆದರು, ನಿಧಾನವಾಗಿ ಕನ್ನಡಕ ಒರೆಸಿಕೊಂಡರು. "ಇದು ನೋಡು. ಸೋಂಕು ತಗುಲಿದ ಮನುಷ್ಯನದು. ಒಳಗೆ ಯುದ್ಧವೇ ನಡೀತಿದೆ. ಕೂತ್ಕೋ, ತೋರಿಸ್ತೀನಿ."

ಮೇಷ್ಟ್ರು ಕೂರಲಿಲ್ಲ. ಸ್ಲೈಡು ಕಸಿದುಕೊಂಡು, ಮೆಟ್ಟಿಲ ಮೇಲೆ ಎದುರಾದವರಿಗೆಲ್ಲ ಢಿಕ್ಕಿ ಹೊಡೆದು, ಗಂಟೆ ಬಾರಿಸುವಷ್ಟರಲ್ಲಿ ಏಳನೇ ಮೇಜು ತಲುಪಿ ಟಾನ್ಸಿಲ್ ತೆಗೆದು ಲಿಂಫ್ ನೋಡ್ ಇಟ್ಟರು. ಬಾಗಿಲಲ್ಲಿ ನಿಂತಿದ್ದ ಮೇಡಂ ಹೆಬ್ಬೆರಳು ಎತ್ತಿದರು. ತಾವು ಬದಲಿಸಿದ್ದನ್ನು ನೋಡಿಯೇ ಎತ್ತಿದರೆಂದು ಮೇಷ್ಟ್ರೂ ಎತ್ತಿದರು.

ಪರೀಕ್ಷೆ ಮುಗಿದ ಮೇಲೆ ಉತ್ತರಗಳನ್ನು ನೋಡಿದ ಪರೀಕ್ಷಕರ ಹುಬ್ಬು ಮೇಲೇರಿತು. ತರಗತಿಗೇ ಮೊದಲಿಗನಾದ ಕನ್ನಡಕದ ಹುಡುಗನನ್ನು ಕರೆದರು. ಪ್ರಿನ್ಸಿಪಾಲರೂ ಹತ್ತಿರ ಬಂದು ನಿಂತರು.

"ಏಳನೇ ಮೇಜಲ್ಲಿ ಏನು ಕಾಣ್ತು?"

"ಸುತ್ತ ಕವಚ ಸರ್. ಅದರ ಕೆಳಗೆ ದುಗ್ಧರಸ ಹರಿಯೋ ಸಂದು. ಆಮೇಲೆ ದುಂಡುದುಂಡಾಗಿ ಲಿಂಫೋಸೈಟ್ ಗುಂಪುಗಳು, ನಡುವೆ ತಿಳಿ ಬಣ್ಣ. ಸೋಂಕು ಬಂದಾಗ ಬಿ ಕೋಶಗಳು ಅಲ್ಲೇ ಹೆಚ್ಚಾಗೋದು."

"ಭೇಷ್! ಈ ರಸ ಎಲ್ಲಿಂದ ಬರುತ್ತೆ?"

"ಒಳಬರೋ ನಾಳಗಳಿಂದ ಸರ್. ಜೊತೆಗೆ ಬಂದ ರೋಗಾಣುಗಳನ್ನ ಇಲ್ಲಿನ ಕೋಶಗಳು ಹಿಡಿದು, ಗುರುತು ಹಚ್ಚಿ, ಪ್ರತಿಕಾಯ ತಯಾರಿಸ್ತವೆ."

"ಹಾಗಾದ್ರೆ ಇದು ಏನು?"

"ಟಾನ್ಸಿಲ್ ಸರ್."

"ಟಾನ್ಸಿಲ್‌ಗೆ ಒಳಬರೋ ದುಗ್ಧನಾಳ ಇರುತ್ತೇನಪ್ಪ?"

"ಇರಲ್ಲ ಸರ್."

"ಮತ್ತೆ?"

ಹುಡುಗ ಚಾವಣಿ ನೋಡಿದ. "ಆದ್ರೂ ಟಾನ್ಸಿಲ್ಲೇ ಸರ್."

ಮೇಷ್ಟ್ರು ಮೇಡಂ ಕಡೆ ತಿರುಗಿದರು. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ಹತ್ತಿರ ಬಂದು ಪಿಸುಗುಟ್ಟಿದರು: "ಮಕ್ಕಳು ಪಾಪ ತಪ್ಪು ಬರೆದಾರು ಅಂತ ಎಲ್ಲರಿಗೂ ಮೊದಲೇ ‘ಏಳನೇ ಮೇಜಲ್ಲಿ ಟಾನ್ಸಿಲ್’ ಅಂದ್ಬಿಟ್ಟೆ. ನೀವು ಮತ್ತೆ ಬದಲಾಯಿಸಿದ್ದು ನನಗೇನು ಗೊತ್ತು?"

ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು. ನಿಜ ಹೇಳಿದರೆ ಪರೀಕ್ಷೆ ರದ್ದು, ಹೇಳದಿದ್ದರೆ ಮೇಷ್ಟ್ರೇ ರದ್ದು. ಮುಂದೆ ಬಂದವರೂ ಒಬ್ಬರಾದ ಮೇಲೊಬ್ಬರು ಲಿಂಫ್ ನೋಡನ್ನು ಅಚ್ಚುಕಟ್ಟಾಗಿ ವರ್ಣಿಸಿ ಟಾನ್ಸಿಲ್ ಎಂದೇ ಹೆಸರಿಟ್ಟರು.

ಕೊನೆಯ ಉತ್ತರಪತ್ರಿಕೆ ನೋಡಿ ಪರೀಕ್ಷಕರು ಕುರ್ಚಿಯಿಂದ ಎದ್ದೇಬಿಟ್ಟರು. "ಸಿಕ್ಕಿದಳು! ಲಿಂಫ್ ನೋಡ್ ಅಂತ ಬರೆದಿದಾಳೆ!"

ಬಸ್ಸು ತಪ್ಪಿ, ಎಲ್ಲರೂ ಒಳಗೆ ಹೋದ ಮೇಲೆ ಏದುಸಿರು ಬಿಡುತ್ತ ಬಂದಿದ್ದ ಹುಡುಗಿ ಅವಳು. ಮೇಷ್ಟ್ರಿಗೆ ಹೋದ ಜೀವ ಬಂತು. ಪ್ರಿನ್ಸಿಪಾಲರ ಮುಖವೂ ಸಡಿಲಿತು.

"ಶಹಬ್ಬಾಸ್ ತಾಯಿ," ಎಂದರು ಪರೀಕ್ಷಕರು. ಮೇಷ್ಟ್ರ ಬೆನ್ನ ಮೇಲೆ ಕೈಯಿಟ್ಟು, "ಒಬ್ಬಳಿಗಾದ್ರೂ ನಿಮ್ಮ ಪಾಠ ಹತ್ತಿದೆ! ಇವರು ಹೇಗೆ ಹೇಳಿಕೊಟ್ರಮ್ಮ, ಎಲ್ಲರಿಗೂ ಕೇಳೋ ಹಾಗೆ ಹೇಳು."

ಹುಡುಗಿ ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಬಹಳ ವಿನಯದಿಂದ ಕೇಳಿದಳು:

"ಓ, ನಮಗೆ ಪಾಠ ಮಾಡೋರು ಇವರೇನಾ ಸರ್?"